ಮಕ್ಕಳ ಅಸ್ತಮಾ ಮತ್ತು ಜೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಅಸ್ತಮಾ ಅಂತ ಗೊತ್ತಾದ ದಿನದಿಂದ ಅಪ್ಪ-ಅಮ್ಮನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿರುತ್ತದೆ: ಇದು ನಮ್ಮಿಂದ ಬಂತಾ? ಮಾತುಕತೆಯಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಮೊದಲು ಸುಲಭದ ಪ್ರಶ್ನೆಗಳಿವೆ, ಆಮೇಲೆ ಸ್ವಲ್ಪ ಆಳದವು. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದು ತಿಳಿವಳಿಕೆಗೆ. ಔಷಧ ಶುರುಮಾಡುವುದು, ನಿಲ್ಲಿಸುವುದು ಏನಿದ್ದರೂ ನಿಮ್ಮ ಮಗುವನ್ನು ನೋಡುವ ವೈದ್ಯರನ್ನು ಕೇಳಿಯೇ ಆಗಬೇಕು.

## ಮೊದಲಿಗೆ

ಅಸ್ತಮಾ ಅಂದ್ರೆ ನಿಜವಾಗಿ ಏನಾಗ್ತಿರುತ್ತೆ? "ಶ್ವಾಸನಾಳ ಸೂಕ್ಷ್ಮ" ಅಂತಾರಲ್ಲ, ಹಾಗಂದ್ರೇನು?

ಎರಡು ವಿಷಯ ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು, ಶ್ವಾಸನಾಳದ ಒಳಪದರ ದಿನಗಟ್ಟಲೆ ಊದಿಕೊಂಡಿರುತ್ತದೆ, ಅಂಟು ಕಫ ಜಾಸ್ತಿ ಬರುತ್ತದೆ. ಎರಡು, ನಾಳವನ್ನು ಸುತ್ತಿಕೊಂಡಿರುವ ಸ್ನಾಯು ಸಣ್ಣಪುಟ್ಟ ಕಾರಣಕ್ಕೆಲ್ಲ ಬಿಗಿಯುತ್ತದೆ. ತಣ್ಣನೆ ಗಾಳಿ, ಓಟ, ಹೊಗೆ, ಧೂಳು, ಜೋರು ನಗು, ನೆಗಡಿ, ಯಾವುದಾದರೂ ಸಾಕು. ಬೇರೆ ಮಕ್ಕಳ ನಾಳ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಅತಿ ಪ್ರತಿಕ್ರಿಯೆಗೇ ಶ್ವಾಸನಾಳದ ಸೂಕ್ಷ್ಮತೆ ಎನ್ನುತ್ತೇವೆ.

ಚಿಕ್ಕ ಮಕ್ಕಳಿಗೆ ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಲೆಕ್ಕವೇ ಉತ್ತರ. ಗಾಳಿ ನಯವಾಗಿ ಹರಿಯುವ ನಾಳದ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಮಗುವಿನ ನಾಳ ಮೊದಲೇ ಕಿರಿದು. ಅದರಲ್ಲಿ ಚೂರು ಊತ, ಚೂರು ಬಿಗಿತ ಸೇರಿದರೂ ಎದೆಯಿಂದ ಸುಯ್ ಅಂತ ಸದ್ದು ಬರುತ್ತದೆ.

ನನಗೆ ಅಸ್ತಮಾ ಇದೆ. ಮಗುವಿಗೂ ಬಂದೇ ಬರುತ್ತಾ?

ಬಂದೇ ಬರಬೇಕು ಅಂತೇನಿಲ್ಲ. ಅಪ್ಪ-ಅಮ್ಮನಲ್ಲಿ ಒಬ್ಬರಿಗೆ ಅಸ್ತಮಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಜಾಸ್ತಿ. ಹಾಗಿದ್ದರೂ ಅಸ್ತಮಾ ಇರುವ ಎಷ್ಟೋ ತಂದೆತಾಯಿಯ ಮಕ್ಕಳು ಒಂದು ದಿನವೂ ಉಬ್ಬಸ ಪಡದೆ ಬೆಳೆಯುತ್ತಾರೆ. ಮಗುವಿಗೆ ದಾಟಿ ಬರುವುದು ಒಂದು ಒಲವು ಮಾತ್ರ. ಕಾಯಿಲೆ ಕಾಣಿಸಿಕೊಳ್ಳಲು ಅದರ ಮೇಲೆ ಇನ್ನೂ ಹಲವು ಸಂಗತಿಗಳು ಕೂಡಿ ಬರಬೇಕು.

ಮನೆಯಲ್ಲಿ ಎಲ್ಲರೂ "ನಿನ್ನ ಕಡೆಯಿಂದಲೇ ಬಂದಿದ್ದು" ಅಂತಾರೆ. ಅಮ್ಮನಿಂದಲೇ ಬರುತ್ತಾ ಇದು?

ಈ ಪ್ರಶ್ನೆ ಓದಿದಾಗಲೆಲ್ಲ ಬೇಜಾರಾಗುತ್ತದೆ. ಮಗುವಿನ ಜೀನ್‌ಗಳಲ್ಲಿ ಅರ್ಧ ಅಮ್ಮನದು, ಅರ್ಧ ಅಪ್ಪನದು. ಅಸ್ತಮಾಕ್ಕೆ ಸಂಬಂಧಪಟ್ಟ ಜೀನ್‌ಗಳು ಎರಡೂ ಕಡೆಯಿಂದ ಬರುತ್ತವೆ. ಕೆಲವು ಅಧ್ಯಯನಗಳಲ್ಲಿ ತಾಯಿಗೆ ಅಸ್ತಮಾ ಇದ್ದಾಗ ಮಗುವಿಗೆ ಬರುವ ಸಾಧ್ಯತೆ ತಂದೆಯದಕ್ಕಿಂತ ತುಸು ಹೆಚ್ಚು ಕಂಡಿದೆ, ನಿಜ. ಅದಕ್ಕೆ ಗರ್ಭದೊಳಗಿನ ವಾತಾವರಣವೂ ಒಂದು ಕಾರಣ ಇರಬಹುದು. ಅದನ್ನು ಹಿಡಿದುಕೊಂಡು ಒಬ್ಬರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಜೀನ್ ಯಾರೂ ಆರಿಸಿ ಕೊಡುವ ವಸ್ತು ಅಲ್ಲ. ತಪ್ಪಿತಸ್ಥರನ್ನು ಹುಡುಕುವ ಹೊತ್ತಿನಲ್ಲಿ ಮನೆಯವರೆಲ್ಲ ಮಗುವಿಗೆ ಇನ್‌ಹೇಲರ್ ಸರಿಯಾಗಿ ಕೊಡುವುದನ್ನು ಕಲಿಯಲಿ. ಮಗುವಿಗೆ ಬೇಕಿರುವುದು ಅದು.

ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಇಲ್ಲ. ಮಗಳಿಗೆ ಎಲ್ಲಿಂದ ಬಂತು?

ಮೊದಲು ಇನ್ನೊಮ್ಮೆ ಕೇಳಿ ನೋಡಿ. ಹಿರಿಯರ ಕಾಲದಲ್ಲಿ "ಎದೆ ಕಟ್ಟುತ್ತೆ", "ಚಳಿಗೆ ಕೆಮ್ಮು", "ಬ್ರಾಂಕೈಟಿಸ್" ಅಂತ ಹೆಸರಿಟ್ಟು ಬಿಟ್ಟದ್ದು ಎಷ್ಟೋ ಸಲ ಅಸ್ತಮಾನೇ ಆಗಿರುತ್ತದೆ. ವರ್ಷಪೂರ್ತಿ ಬೆಳಗ್ಗೆ ಸೀನುವ ಚಿಕ್ಕಪ್ಪ, ಮೈ ಕೆರೆತದ ಅತ್ತೆ ಕೂಡ ಲೆಕ್ಕಕ್ಕೆ ಬರುತ್ತಾರೆ.

ನಿಜವಾಗಿಯೂ ಯಾರಿಗೂ ಇಲ್ಲದಿದ್ದರೂ ಮಗುವಿಗೆ ಬರಬಹುದು. ಅಸ್ತಮಾದ ಹಿಂದಿರುವುದು ಒಂದು ಜೀನ್ ಅಲ್ಲ, ನೂರಾರು ಜಾಗಗಳಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸಗಳು. ಅಪ್ಪನಲ್ಲಿ ಒಂದಿಷ್ಟು, ಅಮ್ಮನಲ್ಲಿ ಒಂದಿಷ್ಟು ಇರುತ್ತವೆ. ಇಬ್ಬರಿಗೂ ತೊಂದರೆ ಆಗುವಷ್ಟು ಇರುವುದಿಲ್ಲ. ಎರಡು ಮನೆಯಲ್ಲಿ ಅಲ್ಲಲ್ಲಿ ಬಿದ್ದಿದ್ದ ಚಿಲ್ಲರೆ ಒಂದೇ ಜೇಬಿಗೆ ಸೇರಿದ ಹಾಗೆ, ಮಗುವಿನಲ್ಲಿ ಅವೆಲ್ಲ ಒಟ್ಟಾಗಿಬಿಡುತ್ತವೆ. ಇದರ ಮೇಲೆ ಹೊಗೆ, ವೈರಸ್, ಅಲರ್ಜಿ ತಮ್ಮ ಕೆಲಸ ಮಾಡುತ್ತವೆ.

ನನಗೆ ಅಸ್ತಮಾ ಇಲ್ಲ, ಚಿಕ್ಕಂದಿನಲ್ಲಿ ಇಸಬು ಇತ್ತು ಅಷ್ಟೆ. ಅದಕ್ಕೂ ಮಗನ ಅಸ್ತಮಾಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಗಟ್ಟಿಯಾದ ಸಂಬಂಧವೇ ಇದೆ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಅನ್ನುವ ಪ್ರೊಟೀನ್ ಇದೆ. ಅದರ ಜೀನ್ ಕೆಟ್ಟಿದ್ದರೆ ಇಸಬು ಬರುವ ಸಾಧ್ಯತೆ ಬಹಳ ಹೆಚ್ಚುತ್ತದೆ ಅನ್ನುವುದು 2006ರಲ್ಲಿ ಗೊತ್ತಾಯಿತು. ಜೊತೆಗೆ ಇನ್ನೊಂದು ವಿಷಯವೂ ಕಂಡಿತು. ಈ ದೋಷ ಇರುವವರಲ್ಲಿ ಇಸಬಿನ ಜೊತೆಗೇ ಅಸ್ತಮಾ ಕೂಡ ಜಾಸ್ತಿ.

ವಿಚಿತ್ರ ಏನಂದ್ರೆ, ಫಿಲಾಗ್ರಿನ್ ಕೆಲಸ ಮಾಡುವುದು ಚರ್ಮದಲ್ಲಿ, ಶ್ವಾಸನಾಳದ ಒಳಗೆ ಅಲ್ಲ. ಹಾಗಾದರೆ ಎದೆಗೆ ಹೇಗೆ ಬಂತು? ಬಿರುಕು ಬಿಟ್ಟ ಚರ್ಮದ ಮೂಲಕ ಧೂಳಿನ, ಆಹಾರದ ಕಣಗಳು ಒಳಗೆ ನುಸುಳುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಮುಂದೆ ಅದೇ ಕಣ ಉಸಿರಿನಲ್ಲಿ ಹೋದಾಗ ಶ್ವಾಸನಾಳ ಸಿಡಿಮಿಡಿಗೊಳ್ಳುತ್ತದೆ. ಮೊದಲು ಇಸಬು, ಆಮೇಲೆ ಆಹಾರದ ಅಲರ್ಜಿ, ಆಮೇಲೆ ಮೂಗಿನ ಅಲರ್ಜಿ, ಅಸ್ತಮಾ ಅಂತ ಕೆಲವು ಮಕ್ಕಳಲ್ಲಿ ಸಾಲಾಗಿ ಬರುವುದಕ್ಕೆ ಇದು ಒಂದು ವಿವರಣೆ. ಎಲ್ಲ ಮಕ್ಕಳೂ ಈ ದಾರಿ ಹಿಡಿಯುವುದಿಲ್ಲ.

ಎರಡು ವರ್ಷದ ಮಗು, ನೆಗಡಿ ಬಂದಾಗಲೆಲ್ಲ ವೀಸಿಂಗ್, ಅಂದ್ರೆ ಎದೆಯಲ್ಲಿ ಸುಯ್ ಸದ್ದು. ಇದು ಅಸ್ತಮಾ ಆಗಿಬಿಡುತ್ತಾ?

ಹೆಚ್ಚಿನ ಮಕ್ಕಳಲ್ಲಿ ಆಗುವುದಿಲ್ಲ. ಅಮೆರಿಕದ ಟೂಸಾನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದ ಪ್ರಸಿದ್ಧ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಸುಯ್‌ಗುಟ್ಟಿದ ಮಕ್ಕಳಲ್ಲಿ ಸುಮಾರು 60 ಶೇಕಡಾ ಮಂದಿಗೆ ಆರು ವರ್ಷದ ಹೊತ್ತಿಗೆ ಅದು ನಿಂತಿತ್ತು.

ಯಾರಲ್ಲಿ ಮುಂದುವರಿಯಬಹುದು ಅಂತ ಅಂದಾಜು ಮಾಡಲು ಅದೇ ತಂಡ 2000ದಲ್ಲಿ ಒಂದು ಸರಳ ಲೆಕ್ಕ ಕೊಟ್ಟಿತು. ಪದೇ ಪದೇ ಸುಯ್‌ಗುಟ್ಟುವ ಮಗುವಿನ ಅಪ್ಪನಿಗೋ ಅಮ್ಮನಿಗೋ ಅಸ್ತಮಾ ಇದೆಯಾ, ಮಗುವಿಗೆ ಇಸಬು ಇದೆಯಾ? ಎರಡರಲ್ಲಿ ಒಂದಿದ್ದರೂ ಮುಂದುವರಿಯುವ ಸಾಧ್ಯತೆ ಏರುತ್ತದೆ. ಅದಿಲ್ಲದಿದ್ದರೆ ಮೂರು ಸಣ್ಣ ಸುಳಿವುಗಳನ್ನು ನೋಡುತ್ತಾರೆ: ನೆಗಡಿ ಇಲ್ಲದಾಗಲೂ ಸದ್ದು ಬರುವುದು, ಮೂಗಿನ ಅಲರ್ಜಿ, ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ಕಣ 4 ಶೇಕಡಾ ಅಥವಾ ಮೇಲೆ ಇರುವುದು. ಇವುಗಳಲ್ಲಿ ಎರಡು ಬೇಕು. ಯಾವ ಸುಳಿವೂ ಇಲ್ಲದ ಮಗುವಿನ ಬಗ್ಗೆ ಧೈರ್ಯವಾಗಿರಬಹುದು. ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದೂ ಅದಕ್ಕೇ.

ಹುಡುಗರಿಗೇ ಜಾಸ್ತಿ ಅಂತಾರೆ, ನಿಜಾನಾ?

ಚಿಕ್ಕ ವಯಸ್ಸಿನಲ್ಲಿ ನಿಜ. ಹದಿಹರೆಯ ದಾಟುವ ಹೊತ್ತಿಗೆ ಲೆಕ್ಕ ತಿರುಗುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚಾಗುತ್ತದೆ. ಚಿಕ್ಕ ಹುಡುಗರಲ್ಲಿ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ನಾಳ ಕಿರಿದಾಗಿರುವುದು, ಆಮೇಲೆ ಹಾರ್ಮೋನುಗಳು, ಇವೆರಡೂ ಕಾರಣ.

## ಜೀನ್‌ಗಳ ಕಡೆ

ಎಷ್ಟು ಪಾಲು ಜೀನ್, ಎಷ್ಟು ಪಾಲು ಸುತ್ತಲಿನ ವಾತಾವರಣ? ಒಂದು ಅಂಕಿ ಹೇಳಿ.

ಅಂಕಿ ಹೇಳಬಹುದು, ಅದನ್ನು ಓದುವ ಬಗೆಯೂ ಜೊತೆಗೆ ಹೇಳಬೇಕು. ಅವಳಿ ಮಕ್ಕಳನ್ನು ನೋಡಿ ಈ ಅಂದಾಜು ಮಾಡುತ್ತಾರೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಜೀನ್ ಹೆಚ್ಚುಕಡಿಮೆ ಪೂರ್ತಿ ಒಂದೇ. ಬೇರೆ ಬೇರೆ ಅಂಡದ ಅವಳಿಗಳಲ್ಲಿ ಒಡಹುಟ್ಟಿದವರಷ್ಟೇ ಹೋಲಿಕೆ. ಒಬ್ಬರಿಗೆ ಅಸ್ತಮಾ ಇದ್ದಾಗ ಇನ್ನೊಬ್ಬರಿಗೂ ಇರುವುದು ತದ್ರೂಪಿಗಳಲ್ಲಿ ಬಹಳ ಜಾಸ್ತಿ. ಸ್ವೀಡನ್ನಿನ ಅವಳಿ ಮಕ್ಕಳ ಮೇಲಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ಬಾಲ್ಯದ ಅಸ್ತಮಾದಲ್ಲಿ ಜೀನ್‌ಗಳ ಪಾಲನ್ನು 82 ಶೇಕಡಾ ಅಂತ ಅಂದಾಜು ಮಾಡಿತು. ಬೇರೆ ಅಧ್ಯಯನಗಳಲ್ಲಿ ಇದಕ್ಕಿಂತ ಕಡಿಮೆಯೂ ಬಂದಿದೆ.

ಇದನ್ನು "ನನ್ನ ಮಗುವಿನ ಅಸ್ತಮಾದಲ್ಲಿ 82 ಪಾಲು ಹಣೆಬರಹ" ಅಂತ ಓದಬಾರದು. ಆ ಅಂಕಿ ಹೇಳುವುದು ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಬಗ್ಗೆ, ಒಂದು ಮಗುವಿನ ಬಗ್ಗೆ ಅಲ್ಲ. ಎಲ್ಲರೂ ಒಂದೇ ತರಹದ ವಾತಾವರಣದಲ್ಲಿ ಬದುಕುವ ಕಡೆ ವ್ಯತ್ಯಾಸಕ್ಕೆ ಉಳಿಯುವ ಕಾರಣ ಜೀನ್ ಒಂದೇ, ಹಾಗಾಗಿ ಈ ಅಂಕಿ ತಾನಾಗಿ ಏರುತ್ತದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹಲವು ದೇಶಗಳಲ್ಲಿ ಮಕ್ಕಳ ಅಸ್ತಮಾ ಏರಿತಲ್ವಾ? ಅಷ್ಟು ಬೇಗ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಬದುಕುವ ರೀತಿ.

ಅಸ್ತಮಾದ ಜೀನ್ ಸಿಕ್ಕಿದೆಯಂತೆ, ಯಾವುದದು?

"ಅಸ್ತಮಾದ ಜೀನ್" ಅನ್ನುವಂಥ ಒಂದು ಜೀನ್ ಇಲ್ಲ. ಸಿಕ್ಕಿರುವುದು ಒಂದು ದೊಡ್ಡ ಪಟ್ಟಿ, ಅದು ಇನ್ನೂ ಬೆಳೆಯುತ್ತಿದೆ.

2002ರಲ್ಲಿ ಬ್ರಿಟನ್ ಮತ್ತು ಅಮೆರಿಕದ 460 ಕುಟುಂಬಗಳನ್ನು ಪರೀಕ್ಷಿಸಿ 20ನೇ ಕ್ರೋಮೋಸೋಮಿನಲ್ಲಿ (ಜೀನ್‌ಗಳನ್ನು ಹೊತ್ತಿರುವ ಎಳೆಗಳಲ್ಲಿ ಒಂದು) ಆ್ಯಡಮ್33 ಅನ್ನುವ ಜೀನನ್ನು ಗುರುತಿಸಿದರು. ಬರೀ ಅಸ್ತಮಾ ಇರುವವರನ್ನು ನೋಡಿದಾಗ ಸುಳಿವು ಮಂಕಾಗಿತ್ತು. ಅಸ್ತಮಾದ ಜೊತೆ ಶ್ವಾಸನಾಳದ ಸೂಕ್ಷ್ಮತೆಯೂ ಇರುವವರನ್ನು ಆರಿಸಿಕೊಂಡಾಗ ಸುಳಿವು ಗಟ್ಟಿಯಾಯಿತು. 2007ರಿಂದ ಇಡೀ ಜೀನ್ ನಕ್ಷೆಯನ್ನೇ ಜಾಲಾಡುವ ಅಧ್ಯಯನಗಳು ಬಂದವು. 2010ರಲ್ಲಿ ಗೇಬ್ರಿಯಲ್ ಅನ್ನುವ ಯುರೋಪಿನ ತಂಡ ಹತ್ತು ಸಾವಿರಕ್ಕೂ ಹೆಚ್ಚು ಅಸ್ತಮಾ ಇರುವವರನ್ನು ನೋಡಿತು. 2018ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 23,948 ಮಂದಿ ಅಸ್ತಮಾ ಇರುವವರು, 1,18,538 ಮಂದಿ ಇಲ್ಲದವರು ಇದ್ದರು.

ಪದೇ ಪದೇ ಕಾಣಿಸಿಕೊಂಡ ಹೆಸರುಗಳಲ್ಲಿ ಐಎಲ್33, ಅದು ಹೋಗಿ ಕೂರುವ ಗ್ರಾಹಕ ಪ್ರೊಟೀನಿನ ಜೀನ್ ಐಎಲ್1ಆರ್‌ಎಲ್1 ಮತ್ತು ಟಿಎಸ್‌ಎಲ್‌ಪಿ ಮುಖ್ಯ. ಐಎಲ್33, ಟಿಎಸ್‌ಎಲ್‌ಪಿ ಎರಡೂ ಶ್ವಾಸನಾಳದ ಒಳಪದರದ ಜೀವಕೋಶಗಳು ಹೊರಡಿಸುವ ಅಪಾಯದ ಸಂಕೇತಗಳು. ಇವುಗಳಿಂದ ಒಂದು ದೊಡ್ಡ ವಿಷಯ ತಿಳಿಯಿತು. ಅಸ್ತಮಾ ಬರೀ "ಅಲರ್ಜಿ ರಕ್ತ"ದ ವಿಷಯ ಅಲ್ಲ, ಗಾಳಿಗೆ ಮುಖ ಒಡ್ಡಿ ನಿಂತಿರುವ ಆ ಒಳಪದರದಲ್ಲೇ ಅದು ಶುರುವಾಗುತ್ತದೆ.

ಒಂದೊಂದು ವ್ಯತ್ಯಾಸವೂ ಸಾಧ್ಯತೆಯನ್ನು ಏರಿಸುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ಶೇಕಡಾದಷ್ಟು, ಅಷ್ಟೆ.

17ನೇ ಕ್ರೋಮೋಸೋಮ್ ಬಗ್ಗೆ ಎಲ್ಲ ಕಡೆ ಬರೀತಾರೆ. ಮಕ್ಕಳಿಗೂ ಅದಕ್ಕೂ ಏನು?

ಬಾಲ್ಯದ ಅಸ್ತಮಾದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಸುಳಿವು ಇದೇ. ಈ ಜಾಗದ ಹೆಸರು 17ಕ್ಯೂ21. 2007ರಲ್ಲಿ ಮೊದಲು ಕಂಡಿತು. ಇಲ್ಲಿ ಒಆರ್‌ಎಂಡಿಎಲ್3, ಜಿಎಸ್‌ಡಿಎಂಬಿ ಅನ್ನುವ ಎರಡು ಜೀನ್‌ಗಳು ಅಕ್ಕಪಕ್ಕ ಇವೆ. ಈ ಜಾಗದ ಅಪಾಯದ ರೂಪ, ಅಂದರೆ ಅಸ್ತಮಾದ ಸಾಧ್ಯತೆ ಏರಿಸುವ ರೂಪ, ಇರುವವರಲ್ಲಿ ಎರಡೂ ಹೆಚ್ಚು ಚುರುಕಾಗಿರುತ್ತವೆ. ಮೊದಲನೆಯದು ಜೀವಕೋಶದ ಪೊರೆಯಲ್ಲಿರುವ ಒಂದು ಬಗೆಯ ಕೊಬ್ಬಿನ ತಯಾರಿಯನ್ನು ಹಿಡಿತದಲ್ಲಿಡುತ್ತದೆ. ಎರಡನೆಯದು ಪೊರೆಯಲ್ಲಿ ರಂಧ್ರ ಮಾಡಿ ಜೀವಕೋಶವನ್ನು ಸ್ಫೋಟಿಸಬಲ್ಲದು. ಹಾಗೆ ಸ್ಫೋಟವಾದಾಗ ಸುತ್ತ ಉರಿಯೂತ ಎದ್ದೇಳುತ್ತದೆ.

ಸ್ವಾರಸ್ಯ ಇರುವುದು ಮುಂದೆ. ಫ್ರಾನ್ಸಿನ ಕುಟುಂಬಗಳ ಮೇಲೆ 2008ರಲ್ಲಿ ಬಂದ ವರದಿಯಲ್ಲಿ, ಈ ಜಾಗದ ಪರಿಣಾಮ ನಾಲ್ಕು ವರ್ಷ ಅಥವಾ ಅದಕ್ಕೂ ಮೊದಲು ಅಸ್ತಮಾ ಶುರುವಾದವರಲ್ಲಿ ಕಂಡಿತು. ಪುಟ್ಟ ವಯಸ್ಸಿನಲ್ಲಿ ತಂಬಾಕಿನ ಹೊಗೆ ಕುಡಿದಿದ್ದ ಮಕ್ಕಳಲ್ಲಿ ಇನ್ನೂ ಜೋರಾಗಿತ್ತು. 2013ರಲ್ಲಿ ಇನ್ನೊಂದು ತುಂಡು ಕೂಡಿಕೊಂಡಿತು. ಈ ರೂಪ ಇರುವ ಮಕ್ಕಳಿಗೆ ರೈನೋವೈರಸ್ ನೆಗಡಿಯಲ್ಲಿ ವೀಸಿಂಗ್ ಆಗುವುದು ಹೆಚ್ಚು. ಆರ್‌ಎಸ್‌ವಿ ಅನ್ನುವ ಇನ್ನೊಂದು ವೈರಸ್ಸಿನ ಜೊತೆ ಹಾಗೆ ಕಾಣಲಿಲ್ಲ. ಅಂದರೆ ಜೀನ್ ಒಂದೇ ಕೂತು ಕಾಯಿಲೆ ತರುತ್ತಿಲ್ಲ, ಒಂದು ವಯಸ್ಸು, ಒಂದು ವೈರಸ್, ಒಂದು ಹೊಗೆ ಜೊತೆಯಾಗಬೇಕು.

ಅದೇ ಜಾಗ ಒಳ್ಳೆಯದನ್ನೂ ಮಾಡಬಹುದು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಯುರೋಪಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳಲ್ಲಿ, ಈ ಅಪಾಯದ ರೂಪ ಇದ್ದೂ ದನದ ಕೊಟ್ಟಿಗೆಯ ಒಡನಾಟದಲ್ಲಿ ಬೆಳೆದವರಿಗೆ ವೀಸಿಂಗ್ ಕಡಿಮೆ ಇತ್ತು. ಈ ರೂಪ ಇರುವ ಮಗು ಸುತ್ತಲಿನ ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಬೇರೆಯವರಿಗಿಂತ ಹೆಚ್ಚು ಸ್ಪಂದಿಸುತ್ತದೆ ಅಂತ ಕಾಣುತ್ತದೆ.

ಸಣ್ಣ ನೆಗಡಿಗೇ ಮಗನನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ತಂಗಿಗೆ ಅದೇ ನೆಗಡಿ ಬಂದು ಎರಡು ದಿನದಲ್ಲಿ ಹೋಗುತ್ತೆ. ಯಾಕೆ ಹೀಗೆ?

ಇದಕ್ಕೆ ಒಂದು ಚೆಂದದ ಉತ್ತರ 2014-15ರಲ್ಲಿ ಸಿಕ್ಕಿತು. ಎರಡರಿಂದ ಆರು ವರ್ಷದೊಳಗೆ ಅಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿದ ಮಕ್ಕಳನ್ನು ಡೆನ್ಮಾರ್ಕಿನ ಸಂಶೋಧಕರು ಆರಿಸಿಕೊಂಡರು. ಅವರಲ್ಲಿ ಸಿಡಿಎಚ್‌ಆರ್3 ಅನ್ನುವ ಜೀನಿನ ಒಂದು ರೂಪ ಎದ್ದು ಕಂಡಿತು. ಅದು ಏನು ಮಾಡುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಮರುವರ್ಷವೇ ಗೊತ್ತಾಯಿತು: ರೈನೋವೈರಸ್ ಸಿ ಅನ್ನುವ ನೆಗಡಿ ವೈರಸ್ ಶ್ವಾಸನಾಳದ ಜೀವಕೋಶದೊಳಗೆ ನುಗ್ಗುವುದು ಇದೇ ಪ್ರೊಟೀನನ್ನು ಹಿಡಿದುಕೊಂಡು. ಅಪಾಯದ ರೂಪ ಇದ್ದರೆ ಜೀವಕೋಶದ ಮೇಲ್ಮೈಯಲ್ಲಿ ಈ ಪ್ರೊಟೀನ್ ಹೆಚ್ಚು ಸಿಗುತ್ತದೆ, ವೈರಸ್ ಹೆಚ್ಚು ಅಂಟಿಕೊಳ್ಳುತ್ತದೆ, ಹೆಚ್ಚು ಬೆಳೆಯುತ್ತದೆ.

ನಿಮ್ಮ ಮಗನಲ್ಲಿ ಇದೇ ಕಾರಣ ಅಂತ ಹೇಳಲಾಗುವುದಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ನೆಗಡಿ ಬೇರೆ ಬೇರೆ ಆಗಿ ಕಾಡುವುದಕ್ಕೆ ಇಂಥ ಕಾರಣಗಳಿರುತ್ತವೆ. ಆ ಮಗು ನಾಜೂಕು ಮಾಡುತ್ತಿಲ್ಲ, ನಾಟಕ ಆಡುತ್ತಿಲ್ಲ.

ಒಂದಿಡೀ ಊರಿಗೇ ಅಸ್ತಮಾ ಇರೋ ದ್ವೀಪ ಇದೆ ಅಂತ ಕೇಳಿದೆ.

ಟ್ರಿಸ್ಟನ್ ಡ ಕುನ್ಹಾ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಹಡಗಿನಲ್ಲಿ ಮಾತ್ರ ಹೋಗಬಹುದಾದ ಬ್ರಿಟಿಷ್ ದ್ವೀಪ. ಜನಸಂಖ್ಯೆ ಕೆಲವು ನೂರು. ಹೆಚ್ಚುಕಡಿಮೆ ಎಲ್ಲರೂ ಸುಮಾರು 15 ಮಂದಿ ಮೊದಲ ವಲಸಿಗರ ಸಂತತಿ. ಆ ಮೊದಲಿಗರಲ್ಲಿ ಕೆಲವರಿಗೆ ಅಸ್ತಮಾ ಇತ್ತು. 1990ರ ದಶಕದಲ್ಲಿ ಟೊರಾಂಟೊದ ಶ್ವಾಸಕೋಶ ತಜ್ಞ ನೋಯೆ ಝಮೆಲ್ ಅವರ ತಂಡ ಹೋಗಿ ದ್ವೀಪದವರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅಸ್ತಮಾದ ಲಕ್ಷಣ ಸಿಕ್ಕಿತು. ಮುಂದೆ ಕುಟುಂಬಗಳಲ್ಲಿ ಜೀನ್ ಹುಡುಕುವ ಕೆಲಸಕ್ಕೆ ಇದರಿಂದ ಬಹಳ ಹುರುಪು ಬಂತು.

ಒಂದೇ ತರಹ ಜೀನ್ ಇದ್ದೂ ಅಸ್ತಮಾ ಬರದೇ ಇರೋ ಜನ ಇದ್ದಾರಾ?

ಇದ್ದಾರೆ. ಅಮೆರಿಕದ ಆಮಿಷ್ ಮತ್ತು ಹಟರೈಟ್ ಸಮುದಾಯಗಳು. ಇಬ್ಬರ ಮೂಲವೂ ಮಧ್ಯ ಯುರೋಪ್, ಜೀನ್‌ಗಳಲ್ಲಿ ತೀರಾ ಹತ್ತಿರ. ಇಬ್ಬರೂ ಕೃಷಿಕರು, ದೊಡ್ಡ ಕುಟುಂಬದವರು. ಶಾಲೆಗೆ ಹೋಗುವ ಮಕ್ಕಳಲ್ಲಿ ಅಸ್ತಮಾ ಆಮಿಷರಲ್ಲಿ 5.2 ಶೇಕಡಾ, ಹಟರೈಟರಲ್ಲಿ 21.3 ಶೇಕಡಾ. ನಾಲ್ಕು ಪಟ್ಟು ವ್ಯತ್ಯಾಸ!

ವ್ಯತ್ಯಾಸ ಇರುವುದು ಬೇಸಾಯದ ಬಗೆಯಲ್ಲಿ. ಆಮಿಷರದು ಒಂದೊಂದು ಮನೆಗೆ ಒಂದೊಂದು ಹಳೇ ಪದ್ಧತಿಯ ಹೊಲ, ಹೈನಿನ ದನ, ಕೆಲಸಕ್ಕೆ ಕುದುರೆ. ಮಕ್ಕಳು ಅಂಬೆಗಾಲಿಡುವಾಗಿನಿಂದ ಕೊಟ್ಟಿಗೆಯಲ್ಲೇ ಆಡುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ, ಚಿಕ್ಕ ಮಕ್ಕಳಿಗೆ ಅಲ್ಲಿ ಕೆಲಸವಿಲ್ಲ. 2016ರಲ್ಲಿ ಎರಡೂ ಕಡೆಯ ಮನೆಗಳ ಧೂಳು ತೂಗಿ ನೋಡಿದಾಗ, ಬ್ಯಾಕ್ಟೀರಿಯಾದಿಂದ ಬರುವ ಎಂಡೋಟಾಕ್ಸಿನ್ ಆಮಿಷ್ ಮನೆಗಳಲ್ಲಿ 6.8 ಪಟ್ಟು ಹೆಚ್ಚಿತ್ತು. ಆ ಧೂಳನ್ನು ಇಲಿಗಳಿಗೆ ಕೊಟ್ಟಾಗ ಶ್ವಾಸನಾಳದ ಅತಿ ಪ್ರತಿಕ್ರಿಯೆ ತಗ್ಗಿತು. ಹಟರೈಟ್ ಧೂಳು ಹಾಗೆ ಮಾಡಲಿಲ್ಲ.

ಇದನ್ನು ಓದಿ ಮಗುವನ್ನು ಧೂಳಿಗೆ ಬಿಡಬೇಡಿ, ದಯವಿಟ್ಟು. ಈಗಾಗಲೇ ಅಸ್ತಮಾ ಇರುವ ಮಗುವಿಗೆ ಧೂಳು ತೊಂದರೆಯೇ. ಆಮಿಷ್ ಮಕ್ಕಳ ದೇಹ ಕಲಿತದ್ದು ಹುಟ್ಟಿದಾಗಿನಿಂದ, ಬಹುಶಃ ಅದಕ್ಕೂ ಮೊದಲಿನಿಂದ.

## ಶ್ವಾಸನಾಳದ ಸೂಕ್ಷ್ಮತೆ

ಡಾಕ್ಟರ್ ಮೆಥಾಕೋಲಿನ್ ಪರೀಕ್ಷೆ ಅಂದ್ರು. ಬೇಕು ಬೇಕು ಅಂತ ಉಬ್ಬಸ ಬರಿಸ್ತಾರಂತೆ, ಭಯ ಆಗುತ್ತೆ.

ಭಯ ಸಹಜ, ಆದರೆ ನಡೆಯುವುದು ಬಹಳ ಎಚ್ಚರಿಕೆಯಿಂದ. ಮಗು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತದೆ, ಮೂಗಿಗೆ ಕ್ಲಿಪ್ ಹಾಕುತ್ತಾರೆ. ಮೊದಲು ಸ್ಪೈರೋಮೀಟರಿನ ಕೊಳವೆಗೆ ಎದೆ ತುಂಬಾ ಉಸಿರೆಳೆದು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದೇ ಮುಖ್ಯ ಅಳತೆ. ಅದು ಮೊದಲೇ ತೀರಾ ಕಡಿಮೆ ಇದ್ದರೆ ಪರೀಕ್ಷೆ ಮಾಡುವುದೇ ಇಲ್ಲ.

ಆಮೇಲೆ ನೆಬ್ಯುಲೈಸರಿನಿಂದ ನಾಳವನ್ನು ಬಿಗಿಸುವ ಮೆಥಾಕೋಲಿನ್ ಔಷಧದ ಆವಿ, ಅತಿ ಕಡಿಮೆ ಪ್ರಮಾಣದಿಂದ ಶುರು. ಸ್ವಲ್ಪ ಹೊತ್ತು ಎಳೆದುಕೊಳ್ಳಬೇಕು, ಒಂದೆರಡು ನಿಮಿಷದೊಳಗೆ ಮತ್ತೆ ಊದಬೇಕು. ಸರಿ ಇದ್ದರೆ ಪ್ರಮಾಣ ಹೆಚ್ಚಿಸಿ ಇನ್ನೊಮ್ಮೆ. ಊದಿದ ಗಾಳಿ 20 ಶೇಕಡಾ ಕುಸಿದ ತಕ್ಷಣ ನಿಲ್ಲಿಸಿ ಸಾಲ್ಬ್ಯುಟಮಾಲ್ ಕೊಡುತ್ತಾರೆ, ಸಾಮಾನ್ಯವಾಗಿ ನಾಳ ಕೆಲವು ನಿಮಿಷದಲ್ಲಿ ಸಡಿಲವಾಗುತ್ತದೆ. ಎಷ್ಟು ಕಡಿಮೆ ಪ್ರಮಾಣಕ್ಕೆ ಕುಸಿಯಿತೋ ಅಷ್ಟು ಸೂಕ್ಷ್ಮತೆ ಜಾಸ್ತಿ. ಪ್ರತಿ ಮಿಲಿಲೀಟರಿಗೆ 16 ಮಿಲಿಗ್ರಾಂ ದಾಟಿದರೂ ಕುಸಿಯದಿದ್ದರೆ ಸಾಮಾನ್ಯ ಅಂತ ಲೆಕ್ಕ, 4ಕ್ಕಿಂತ ಕೆಳಗೇ ಕುಸಿದರೆ ಸೂಕ್ಷ್ಮತೆ ಇದೆ ಅಂತ. ಸರಿಯಾಗಿ ಊದಲು ಬರಬೇಕಾದ್ದರಿಂದ ಐದಾರು ವರ್ಷಕ್ಕಿಂತ ಚಿಕ್ಕವರಿಗೆ ಇದು ಕಷ್ಟ. ಓಡಿಸಿ ನೋಡುವ ಪರೀಕ್ಷೆ, ಮ್ಯಾನಿಟಾಲ್ ಪುಡಿಯ ಪರೀಕ್ಷೆ ಕೂಡ ಇವೆ.

ಶ್ವಾಸನಾಳ ಸೂಕ್ಷ್ಮ ಇದ್ರೆ ಅಸ್ತಮಾ ಇದ್ದ ಹಾಗೇನಾ? ಅದೂ ಹುಟ್ಟಿನಿಂದಲೇ ಬರುತ್ತಾ?

ಎರಡೂ ಒಂದೇ ಅಲ್ಲ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಸೂಕ್ಷ್ಮತೆ ಸಿಗುತ್ತದೆ. ಹಾಗೇ ಅಸ್ತಮಾ ಹಿಡಿತದಲ್ಲಿರುವ ಮಗುವಿನಲ್ಲಿ ಪರೀಕ್ಷೆಯ ದಿನ ಸೂಕ್ಷ್ಮತೆ ಕಾಣದೇ ಇರಬಹುದು.

ಹುಟ್ಟಿನಿಂದ ಬರುತ್ತಾ ಅನ್ನುವುದಕ್ಕೆ 1991ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ಅಧ್ಯಯನ ನೋಡಬೇಕು. ಸರಾಸರಿ ನಾಲ್ಕೂವರೆ ವಾರದ ಕೂಸುಗಳು, ಆರೋಗ್ಯವಾಗಿದ್ದವು. ಅಷ್ಟು ಎಳೆಯ ವಯಸ್ಸಿನಲ್ಲೇ, ಕುಟುಂಬದಲ್ಲಿ ಅಸ್ತಮಾ ಇದ್ದ ಕೂಸುಗಳ ಶ್ವಾಸನಾಳ ಹೆಚ್ಚು ಸೂಕ್ಷ್ಮವಾಗಿತ್ತು. ಅಪ್ಪ-ಅಮ್ಮ ಸಿಗರೇಟು ಸೇದುವ ಕೂಸುಗಳಲ್ಲೂ ಹಾಗೇ ಇತ್ತು. ಆ ಮಕ್ಕಳನ್ನು ಮುಂದೆಯೂ ನೋಡುತ್ತಾ ಹೋದರು. ಒಂದು ತಿಂಗಳಲ್ಲಿ ಕಂಡ ಸೂಕ್ಷ್ಮತೆಗೂ ಆರು ವರ್ಷದಲ್ಲಿ ಅಸ್ತಮಾ ಇರುವುದಕ್ಕೂ ನಂಟು ಇತ್ತು.

1995ರಲ್ಲಿ ನೆದರ್ಲೆಂಡ್ಸಿನ ಕುಟುಂಬಗಳಲ್ಲಿ ಇನ್ನೊಂದು ವಿಷಯ ತಿಳಿಯಿತು. ಶ್ವಾಸನಾಳದ ಸೂಕ್ಷ್ಮತೆ ಮತ್ತು ರಕ್ತದಲ್ಲಿ ಏರಿದ ಐಜಿಇ, ಅಂದರೆ ಅಲರ್ಜಿಯ ಪ್ರತಿಕಾಯ, ಒಟ್ಟಿಗೆ ಇಳಿದು ಬರುತ್ತವೆ. ಎರಡರ ಸುಳಿವೂ 5ನೇ ಕ್ರೋಮೋಸೋಮಿನ ಒಂದೇ ಭಾಗಕ್ಕೆ ಒಯ್ಯುತ್ತದೆ. ಅಲರ್ಜಿಯನ್ನು ನಡೆಸುವ ಐಎಲ್4, ಐಎಲ್13 ಜೀನ್‌ಗಳು ಇರುವುದು ಅಲ್ಲೇ.

ದಿನಾ ಇನ್‌ಹೇಲರ್ ಕೊಟ್ರೆ ಈ ಸೂಕ್ಷ್ಮತೆ ಪೂರ್ತಿ ಹೋಗುತ್ತಾ?

ಕೊಡುತ್ತಿರುವಷ್ಟು ಕಾಲ ತಗ್ಗುತ್ತದೆ, ಚೆನ್ನಾಗಿಯೇ ತಗ್ಗುತ್ತದೆ. ಉತ್ತರ ಅಮೆರಿಕದಲ್ಲಿ ನಡೆದು 2000ದಲ್ಲಿ ವರದಿಯಾದ ಕ್ಯಾಂಪ್ ಅಧ್ಯಯನದಲ್ಲಿ 1,041 ಮಕ್ಕಳನ್ನು ನಾಲ್ಕರಿಂದ ಆರು ವರ್ಷ ನೋಡಿದರು. ಬ್ಯುಡೆಸೊನೈಡ್ ಅನ್ನುವ ಸ್ಟಿರಾಯ್ಡ್ ಇನ್‌ಹೇಲರ್ ತೆಗೆದುಕೊಂಡವರಲ್ಲಿ ಸೂಕ್ಷ್ಮತೆ ಇಳಿಯಿತು, ಆಸ್ಪತ್ರೆಗೆ ಓಡುವುದು ಕಡಿಮೆಯಾಯಿತು. ಔಷಧ ನಿಲ್ಲಿಸಿದ ಕೆಲವು ತಿಂಗಳಲ್ಲಿ ಆ ಲಾಭ ಕರಗಿತು. ಹಾಗಾಗಿ ಇನ್‌ಹೇಲರ್ ಹುಟ್ಟುಗುಣವನ್ನು ಅಳಿಸುವುದಿಲ್ಲ, ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಚೆನ್ನಾಗಿದ್ದಾನೆ ಅಂತ ಸುಮ್ನೆ ನಿಲ್ಲಿಸಬೇಡಿ.

ಎತ್ತರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದೇ ಮಕ್ಕಳು ದೊಡ್ಡವರಾದ ಮೇಲೆ ಅಳೆದಾಗ ಬ್ಯುಡೆಸೊನೈಡ್ ಗುಂಪಿನವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಉಸಿರಿಗಾಗಿ ಒದ್ದಾಡುವುದರ ಮುಂದೆ ಇದು ಸಣ್ಣ ಬೆಲೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

## ಇನ್ನೂ ಆಳಕ್ಕೆ

ಮಗುವಿಗೆ ಜೀನ್ ಟೆಸ್ಟ್ ಮಾಡಿಸಿಬಿಡಲಾ? ಮೊದಲೇ ಗೊತ್ತಾದ್ರೆ ಒಳ್ಳೇದಲ್ವಾ?

ಅಸ್ತಮಾ ಕಂಡುಹಿಡಿಯಲು ಈಗ ಯಾವ ಜೀನ್ ಪರೀಕ್ಷೆಯೂ ಬೇಕಿಲ್ಲ. ಗೊತ್ತಿರುವ ವ್ಯತ್ಯಾಸಗಳನ್ನೆಲ್ಲ ಕೂಡಿಸಿ ಒಂದು ಅಂಕ ಕೊಡಬಹುದು, ನಿಜ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದವರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಅಂಕ ಹೆಚ್ಚಿದ್ದವರಿಗೆ ಅಸ್ತಮಾ ಬೇಗ ಶುರುವಾಗಿತ್ತು, ದೊಡ್ಡವರಾದ ಮೇಲೂ ಉಳಿಯುವುದು ಹೆಚ್ಚಿತ್ತು. ಅದು ಗುಂಪಿನ ಲೆಕ್ಕ. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು "ಇವಳಿಗೆ ಬರುತ್ತೆ, ಇವನಿಗೆ ಬರಲ್ಲ" ಅನ್ನುವಷ್ಟು ಗಟ್ಟಿ ಅಲ್ಲ. ಕುಟುಂಬದಲ್ಲಿ ಯಾರಿಗೆ ಏನಿತ್ತು ಅನ್ನುವುದನ್ನು ಸರಿಯಾಗಿ ಹೇಳಿದರೆ ವೈದ್ಯರಿಗೆ ಈಗ ಅದೇ ಹೆಚ್ಚು ಉಪಯೋಗ.

ಹಾಗಾದ್ರೆ ಯಾವಾಗ ಜೀನ್ ಪರೀಕ್ಷೆ ಬೇಕಾಗುತ್ತೆ?

ಅಸ್ತಮಾದ ಹಾಗೆ ಕಾಣುವ ಬೇರೆ ಕಾಯಿಲೆಯ ಅನುಮಾನ ಇದ್ದಾಗ. ಸಿಸ್ಟಿಕ್ ಫೈಬ್ರೋಸಿಸ್ ಒಂದೇ ಜೀನಿನ ದೋಷದಿಂದ ಬರುತ್ತದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಸರಿಯಾಗಿ ಬಡಿಯದ ಇನ್ನೊಂದು ಹುಟ್ಟುಕಾಯಿಲೆಯೂ ಇದೆ. ಹುಟ್ಟಿದಂದಿನಿಂದಲೇ ಸದ್ದು, ತೂಕ ಏರದಿರುವುದು, ವರ್ಷವಿಡೀ ಒದ್ದೆ ಕೆಮ್ಮು, ಎಣ್ಣೆಯಂಥ ಮಲ, ಬೆರಳ ತುದಿ ಉಬ್ಬಿರುವುದು, ಮತ್ತೆ ಮತ್ತೆ ನ್ಯುಮೋನಿಯಾ: ಇವು ಕಂಡರೆ ವೈದ್ಯರಿಗೆ ಬಿಡಿಸಿ ಹೇಳಿ.

ಜೀನ್ ನೋಡಿ ಯಾವ ಔಷಧ ಹಿಡಿಸುತ್ತೆ ಅಂತ ಹೇಳೋಕೆ ಆಗುತ್ತಾ?

ಆಸೆ ದೊಡ್ಡದಿತ್ತು, ಸಿಕ್ಕಿದ್ದು ಸ್ವಲ್ಪ. ಸಾಲ್ಬ್ಯುಟಮಾಲ್ ಹೋಗಿ ಕೂರುವ ಬೀಟಾ-2 ಗ್ರಾಹಕ ಪ್ರೊಟೀನಿನ 16ನೇ ಜಾಗದಲ್ಲಿ, ಜೀನಿನ ವ್ಯತ್ಯಾಸದಿಂದಾಗಿ, ಕೆಲವರಿಗೆ ಆರ್ಜಿನೀನ್, ಕೆಲವರಿಗೆ ಗ್ಲೈಸೀನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ಆರ್ಜಿನೀನ್ ರೂಪದವರಿಗೆ ಈ ಔಷಧಗಳನ್ನು ದಿನಾ ಬಳಸಿದರೆ ಲಾಭ ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳಿದವು, ದೊಡ್ಡವರ ಮೇಲಿನ ಇನ್ನು ಕೆಲವು ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ. ಸ್ಟಿರಾಯ್ಡ್ ಇನ್‌ಹೇಲರಿಗೆ ಸ್ಪಂದಿಸುವ ಬಗೆಯ ಜೊತೆ ಜಿಎಲ್‌ಸಿಸಿಐ1 ಅನ್ನುವ ಜೀನನ್ನು 2011ರಲ್ಲಿ ಜೋಡಿಸಿದರು. ದಿನನಿತ್ಯದ ಚಿಕಿತ್ಸೆಗೆ ಇವು ಯಾವುವೂ ಇನ್ನೂ ಬಂದಿಲ್ಲ. ಔಷಧ ಹಿಡಿಸುತ್ತಿಲ್ಲ ಅನ್ನಿಸಿದಾಗ ಮೊದಲು ನೋಡಬೇಕಾದ್ದು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಸರಿಯಾಗಿ ಹಿಡಿಯುತ್ತಿದ್ದೀರಾ, ಮಾಸ್ಕ್ ಮುಖಕ್ಕೆ ಕೂರುತ್ತಿದೆಯಾ, ದಿನಾ ಕೊಡುತ್ತಿದ್ದೀರಾ ಅನ್ನುವುದನ್ನು.

ಅಷ್ಟೆಲ್ಲ ಜೀನ್ ಹುಡುಕಿ ಮಕ್ಕಳಿಗೆ ಏನು ಲಾಭ ಆಯ್ತು?

ಔಷಧ ಎಲ್ಲಿ ಗುರಿ ಇಡಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಐಸ್‌ಲ್ಯಾಂಡಿನಲ್ಲಿ ಕೆಲವರಿಗೆ ಐಎಲ್33 ಜೀನಿನ ಒಂದು ಪ್ರತಿ ಕೆಲಸವೇ ಮಾಡುವುದಿಲ್ಲ. 2017ರಲ್ಲಿ ಅವರನ್ನು ನೋಡಿದಾಗ ಇಯೊಸಿನೊಫಿಲ್ ಕಡಿಮೆ, ಅಸ್ತಮಾ ಸಾಧ್ಯತೆ ಸುಮಾರು ಅರ್ಧ. ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದು. ಟಿಎಸ್‌ಎಲ್‌ಪಿಯನ್ನು ತಡೆಯುವ ಟೆಝೆಪೆಲುಮ್ಯಾಬ್ ಚುಚ್ಚುಮದ್ದಿಗೆ 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 12 ವರ್ಷ ಮೇಲ್ಪಟ್ಟ ತೀವ್ರ ಅಸ್ತಮಾದವರಿಗೆ. ಐಎಲ್4, ಐಎಲ್13 ಎರಡರ ದಾರಿಯನ್ನೂ ಮುಚ್ಚುವ ಡುಪಿಲುಮ್ಯಾಬ್ ಆರು ವರ್ಷದಿಂದ ಮೇಲಿನ ಕೆಲವು ಮಕ್ಕಳಿಗೆ ಇದೆ. ಇನ್‌ಹೇಲರಿಗೆ ಬಗ್ಗದ ಕೆಲವೇ ಮಕ್ಕಳಿಗೆ ಇವು ಬೇಕಾಗುತ್ತವೆ.

ಅಜ್ಜಿ ಸೇದಿದ ಸಿಗರೇಟು ಮೊಮ್ಮಗುವಿಗೆ ತಟ್ಟುತ್ತಂತೆ. ಇದೆಲ್ಲ ನಂಬೋ ಮಾತಾ?

ನಂಬುವುದಕ್ಕೆ ಒಂದಿಷ್ಟು ಆಧಾರ ಇದೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳ ಅಧ್ಯಯನವೊಂದರಲ್ಲಿ, ತಾಯಿಯ ತಾಯಿ ಬಸುರಿನಲ್ಲಿ ಸಿಗರೇಟು ಸೇದಿದ್ದರೆ ಮೊಮ್ಮಗುವಿನಲ್ಲಿ ಅಸ್ತಮಾ ಹೆಚ್ಚು ಕಂಡಿತು. ಹೆಣ್ಣುಕೂಸು ಅಮ್ಮನ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಗಳು ರೂಪುಗೊಳ್ಳುತ್ತವೆ, ಹೊಗೆ ಅವಕ್ಕೂ ತಟ್ಟಿರಬಹುದು ಅನ್ನುವುದು ವಾದ. ಜೀನಿನ ಅಕ್ಷರಗಳು ಬದಲಾಗುವುದಿಲ್ಲ. ಅವುಗಳ ಮೇಲೆ ಅಂಟುವ ಮೀಥೈಲ್ ಗುರುತುಗಳು ಬದಲಾಗುತ್ತವೆ, ಅದರಿಂದ ಜೀನ್ ಜೋರಾಗಿಯೋ ಮೆಲ್ಲಗೋ ಕೆಲಸ ಮಾಡುತ್ತದೆ. ಎಲ್ಲ ಅಧ್ಯಯನಗಳಲ್ಲೂ ಈ ನಂಟು ಅಷ್ಟೇ ಸ್ಪಷ್ಟವಾಗಿ ಬಂದಿಲ್ಲ. ತಾಯಿಯೇ ಬಸುರಿನಲ್ಲಿ ಸೇದಿದರೆ ಆಗುವ ಹಾನಿಯ ಬಗ್ಗೆ ಮಾತ್ರ ಯಾವ ಅನುಮಾನವೂ ಇಲ್ಲ.

ಇನ್ನೊಂದು ಮಗು ಬೇಕು ಅಂತಿದ್ದೀವಿ. ಬರದ ಹಾಗೆ ತಡೆಯೋಕೆ ಏನಾದ್ರೂ ಮಾಡಬಹುದಾ?

ಪೂರ್ತಿ ತಡೆಯುವ ದಾರಿ ಇಲ್ಲ. ನಿಮ್ಮ ಕೈಯಲ್ಲಿರುವುದರಲ್ಲಿ ದೊಡ್ಡದು ಹೊಗೆ: ಬಸುರಿನಲ್ಲೂ, ಆಮೇಲೂ, ಮನೆಯೊಳಗೂ, ಕಾರಿನೊಳಗೂ ಯಾರೂ ಸೇದಬಾರದು. ತಾಯಿಗೆ ಅಸ್ತಮಾ ಇದ್ದರೆ ಬಸುರಿನಲ್ಲಿ ಇನ್‌ಹೇಲರ್ ನಿಲ್ಲಿಸಬಾರದು. ಔಷಧಕ್ಕಿಂತ ಹಿಡಿತ ತಪ್ಪಿದ ಅಸ್ತಮಾದಿಂದಲೇ ಕೂಸಿಗೆ ಹೆಚ್ಚು ಅಪಾಯ.

2016ರಲ್ಲಿ ಡೆನ್ಮಾರ್ಕಿನಲ್ಲಿ ಬಸುರಿನ ಕೊನೆಯ ತಿಂಗಳುಗಳಲ್ಲಿ ಮೀನೆಣ್ಣೆ ಕೊಟ್ಟು ನೋಡಿದರು. ಮಕ್ಕಳಲ್ಲಿ ಬಿಡದ ವೀಸಿಂಗ್ ಅಥವಾ ಅಸ್ತಮಾ 23.7ರಿಂದ 16.9 ಶೇಕಡಾಕ್ಕೆ ಇಳಿಯಿತು. ಲಾಭ ಹೆಚ್ಚು ಕಂಡಿದ್ದು ರಕ್ತದಲ್ಲಿ ಒಮೆಗಾ-3 ಮೊದಲೇ ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ. ಕೊಟ್ಟ ಪ್ರಮಾಣ ದೊಡ್ಡದು, ಹಾಗಾಗಿ ವೈದ್ಯರನ್ನು ಕೇಳದೆ ನೀವಾಗಿ ಶುರುಮಾಡಬೇಡಿ.

ಈ ಅಧ್ಯಯನಗಳೆಲ್ಲ ಬಹುಪಾಲು ಯುರೋಪ್ ಮೂಲದವರ ಮೇಲೆ ಆಗಿರೋದು. ಬೇರೆಯವರಿಗೂ ಹೊಂದುತ್ತಾ?

ಒಳ್ಳೇ ಪ್ರಶ್ನೆ, ಕೇಳುವವರು ಕಡಿಮೆ. ಕೆಲವು ಹೊಂದುತ್ತವೆ: ಐಎಲ್33, ಟಿಎಸ್‌ಎಲ್‌ಪಿ, ಐಎಲ್1ಆರ್‌ಎಲ್1 ಹಲವು ಮೂಲದ ಜನರಲ್ಲಿ ಕಂಡಿವೆ. ಕೆಲವು ಪೂರ್ತಿ ಹೊಂದುವುದಿಲ್ಲ. 2011ರಲ್ಲಿ ಅಮೆರಿಕದ ಹಲವು ಸಮುದಾಯಗಳನ್ನು ಒಟ್ಟಿಗೆ ನೋಡಿದಾಗ ಆಫ್ರಿಕನ್ ಮೂಲದವರಲ್ಲಿ ಮಾತ್ರ ಪಿವೈಎಚ್‌ಐಎನ್1 ಅನ್ನುವ ಜೀನ್ ಕಾಣಿಸಿತು. ಪೋರ್ಟೊರಿಕೊ ಮೂಲದ ಅಸ್ತಮಾ ರೋಗಿಗಳಿಗೆ ಸಾಲ್ಬ್ಯುಟಮಾಲ್ ಕೊಟ್ಟಾಗ ಸಿಗುವ ಆರಾಮ ಮೆಕ್ಸಿಕೊ ಮೂಲದವರಿಗಿಂತ ಕಡಿಮೆ. ಒಂದು ಜನಸಮೂಹದ ಮೇಲೆ ಕಟ್ಟಿದ ಅಪಾಯದ ಅಂಕವನ್ನು ಇನ್ನೊಂದರ ಮೇಲೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಜೀನ್ ಟೆಸ್ಟಿಗೆ ಅವಸರ ಬೇಡ ಅನ್ನಲು ಇದೂ ಒಂದು ಕಾರಣ.

ಬೇರೆ ಬೇರೆ ಮೂಲದವರನ್ನು ನೋಡುವುದರಿಂದ ವಿಜ್ಞಾನಕ್ಕೂ ಲಾಭ ಇದೆ. 17ಕ್ಯೂ21ರಲ್ಲಿ ಅಕ್ಕಪಕ್ಕದ ವ್ಯತ್ಯಾಸಗಳು ಯುರೋಪಿನವರಲ್ಲಿ ಒಟ್ಟಿಗೇ ಸಾಗಿ ಬರುತ್ತವೆ, ಹಾಗಾಗಿ ನಿಜವಾದ ಕಾರಣ ಯಾವುದು ಅಂತ ಬಿಡಿಸುವುದು ಕಷ್ಟ. ಆಫ್ರಿಕನ್ ಮೂಲದವರಲ್ಲಿ ಆ ಕಟ್ಟು ಹೆಚ್ಚು ಒಡೆದಿದೆ. ಅವರ ಮಕ್ಕಳನ್ನು ನೋಡಿದ ಮೇಲೆ ಎರಡು ಜೀನ್‌ಗಳಲ್ಲಿ ಒಆರ್‌ಎಂಡಿಎಲ್3ಗಿಂತ ಜಿಎಸ್‌ಡಿಎಂಬಿ ಕಡೆಗೇ ಅನುಮಾನ ಹೆಚ್ಚು ವಾಲಿದೆ.